ಕೃತಜ್ಞತೆಯೂ ಮನಶ್ಶಾಂತಿಯೂ
(ಚಾತುರ್ಮಾಸ್ಯ ಪ್ರವಚನಮಾಲೆಯಿಂದ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಶ್ರೀಹರಿವಾಯುಗುರುಗಳ ಪರಮಾನುಗ್ರಹದಿಂದ ಈ ವರ್ಷದ ಚಾತುರ್ಮಾಸ್ಯದಲ್ಲಿ ಶ್ರೀಮದ್ಭಾಗವತದ ಪ್ರಥಮಸ್ಕಂಧವನ್ನು ಕುರಿತು ನಾಲ್ಕು ಮಾತುಗಳನ್ನು ಸಜ್ಜನರ ಮುಂದೆ ನಿವೇದಿಸುವ ಭಾಗ್ಯ ನಮಗೆ ಒದಗಿತು. ಎಂಟನೆಯ ಅಧ್ಯಾಯದ ಕುಂತೀಸ್ತುತಿಯನ್ನು ಹೇಳುವಾಗ ಕೃತಜ್ಞತೆಯ ವಿಷಯವಾಗಿ ಪ್ರಾಸಂಗಿಕವಾಗಿ ಆಡಿದ ಮಾತುಗಳನ್ನು ಬರೆದು ಕೊಡಬೇಕೆಂದು ಕೆಲವು ಗೃಹಸ್ಥರೂ ಸುಮಂಗಲಿಯರೂ ಅಪೇಕ್ಷಿಸಿದ್ದರಿಂದ ಈ ಬರಹಕ್ಕೆ ಕೈಹಚ್ಚಿದ್ದೇವೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಇದೇ ಕೃತಜ್ಞತೆಯನ್ನು ಕುರಿತು ನಾವು ಒಂದು ಸಂಜೆ ಪ್ರವಚನ ಮಾಡಿದ್ದೆವು. ಭಗವಂತನು ಕೊಟ್ಟದ್ದನ್ನು ನೆನೆಯಿರಿ, ಮನಸ್ಸು ಹಗುರಾಗುತ್ತದೆ ಎಂಬುದು ಅಂದಿನ ಮಾತಿನ ಸಾರ. ಮಂಗಳಾರತಿಯಾಗಿ ಜನರು ಮಂತ್ರಾಕ್ಷತೆ ಪಡೆದು ಹೊರಟ ಮೇಲೆ ವೃದ್ಧರೊಬ್ಬರು ಹಿಂದೆ ಉಳಿದರು. ಅವರ ಪತ್ನಿಯು ಹರಿಪಾದವನ್ನು ಸೇರಿ ಆಗ್ಗೆ ಮೂರು ತಿಂಗಳಾಗಿತ್ತು. ಅವರು ಮೆಲ್ಲನೆ, “ಆಚಾರ್ಯರೇ, ಎಲ್ಲವನ್ನೂ ಕೇಳಿದೆ. ನಾನು ಈಗ ಯಾವುದಕ್ಕೆಂದು ಕೃತಜ್ಞನಾಗಿರಲಿ? ನೀವೇ ಹೇಳಿ” ಎಂದರು. ನಾವು ಯೋಚಿಸಲೇ ಇಲ್ಲ. ಎಲ್ಲವೂ ಹರಿಚಿತ್ತ, ಅವನು ಮಾಡಿದ್ದೆಲ್ಲವೂ ಒಳ್ಳೆಯದಕ್ಕೇ, ಹಾಗೆಂದು ತಿಳಿದು ಸಮಾಧಾನ ತಂದುಕೊಳ್ಳಿ ಎಂದು ಹೇಳಿಬಿಟ್ಟೆವು. ಅವರು ಮತ್ತೇನನ್ನೂ ಕೇಳದೆ ನಮಸ್ಕರಿಸಿ ಹೊರಟುಹೋದರು. ಆ ಮೌನವು ನಮ್ಮನ್ನು ಬಹುದಿನ ಕಾಡಿತು. ನಾವು ಹೇಳಿದ್ದರಲ್ಲಿ ಸಿದ್ಧಾಂತದೋಷವೇನೂ ಇರಲಿಲ್ಲ. ಆದರೆ ಹಸಿದವನಿಗೆ ಅನ್ನವನ್ನು ಬಡಿಸುವ ಬದಲು ಏಕಾದಶೀಮಾಹಾತ್ಮ್ಯವನ್ನು ಹೇಳಿದಂತೆ ಆಯಿತು. ಆ ವೃದ್ಧರ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಈ ವಿಷಯವನ್ನು ಮತ್ತೊಮ್ಮೆ ವಿಚಾರಮಾಡುವುದು ಯುಕ್ತವೆಂದು ತೋರುತ್ತದೆ.

ಮೊದಲು ಶಬ್ದವನ್ನೇ ನೋಡೋಣ. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ತಿಳಿದವನು. ತನಗಾಗಿ ಏನು ಮಾಡಲ್ಪಟ್ಟಿದೆ ಎಂಬುದನ್ನು ಬಲ್ಲವನೇ ಕೃತಜ್ಞ. ಬಾಯಿಮಾತಿನ ಉಪಚಾರವಾಗಲಿ, ಸಭೆಯ ಕೊನೆಯ ವಂದನಾರ್ಪಣೆಯಾಗಲಿ ಈ ಶಬ್ದದ ಅರ್ಥವಲ್ಲ. ಅದು ಮೊದಲು ಜ್ಞಾನ. ಸಂತೋಷವು ಆ ಜ್ಞಾನದ ಫಲ. ಫಲವು ಕೂಡಲೇ ಕೈಸೇರಲಿಲ್ಲವೆಂದು ಜ್ಞಾನವು ಸುಳ್ಳಾಗುವುದಿಲ್ಲ. ಈ ಭೇದವನ್ನು ಮರೆತುದರಿಂದಲೇ ಅಂದು ನಾವು ಎಡವಿದೆವು. ದುಃಖದಲ್ಲಿರುವವನಿಂದ ಸಂತೋಷವನ್ನು ಕೇಳಿದೆವೇ ಹೊರತು ಜ್ಞಾನಕ್ಕೆ ದಾರಿಯನ್ನು ತೋರಿಸಲಿಲ್ಲ.

ಕೃತಜ್ಞ ಎಂಬುದು ಸಾಕ್ಷಾತ್ ಭಗವಂತನ ನಾಮವೂ ಹೌದು. ವಿಷ್ಣುಸಹಸ್ರನಾಮವನ್ನು ನಿತ್ಯವೂ ಪಾರಾಯಣ ಮಾಡುವ ನಮ್ಮ ಮನೆಗಳಲ್ಲಿ ಈ ನಾಮವು ದಿನಕ್ಕೊಮ್ಮೆಯಾದರೂ ನಾಲಗೆಯ ಮೇಲೆ ಸುಳಿದುಹೋಗುತ್ತದೆ. ನಾವು ಗಮನಿಸುವುದಿಲ್ಲ, ಅಷ್ಟೇ. ಪೂರ್ಣಕಾಮನಾದ, ಯಾರಿಂದಲೂ ಏನನ್ನೂ ಪಡೆಯಬೇಕಾಗಿಲ್ಲದ ಸ್ವಾಮಿಯು ಒಂದು ತುಳಸೀದಳವನ್ನೂ ಒಂದು ಉದ್ಧರಣೆ ನೀರನ್ನೂ ಮರೆಯದೆ ನೆನಪಿನಲ್ಲಿಡುತ್ತಾನೆಂಬುದು ಆ ನಾಮದಿಂದ ತಿಳಿಯುತ್ತದೆ. ವಾಲ್ಮೀಕಿಮಹರ್ಷಿಗಳು ನಾರದರನ್ನು ಕುರಿತು, ಇಂತಿಂತಹ ಗುಣಗಳುಳ್ಳ ಪುರುಷನು ಯಾರೆಂದು ಕೇಳುವಾಗ ಎಣಿಸಿದ ಗುಣಗಳಲ್ಲಿ ಕೃತಜ್ಞತೆಯೂ ಒಂದು. ಲಂಕೆಯಿಂದ ಸೀತಾವಾರ್ತೆಯನ್ನು ತಂದ ಹನುಮಂತದೇವರಿಗೆ ಶ್ರೀರಾಮಚಂದ್ರನು ಏನು ಕೊಟ್ಟನು? ಈ ಸೇವೆಗೆ ಸಮನಾದ ವಸ್ತುವು ತನ್ನಲ್ಲಿ ಇಲ್ಲವೆಂದು ಹೇಳಿ ಗಾಢವಾಗಿ ಆಲಿಂಗಿಸಿಕೊಂಡನು. ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಈ ಪ್ರಸಂಗವನ್ನು ಹೇಳುವಾಗ, ಸ್ವಾಮಿಯು ಆ ಆಲಿಂಗನದ ಮೂಲಕ ತನ್ನನ್ನೇ ಕೊಟ್ಟನೆಂಬ ಭಾವವನ್ನು ಪ್ರಕಟಿಸಿದ್ದಾರೆ. ಜಗತ್ತಿಗೇ ಕೊಡುವವನು ತನ್ನ ದಾಸನ ಮುಂದೆ ಹೀಗೆ ನಡೆದುಕೊಂಡನು. ಪಡೆದುಕೊಂಡೇ ಬದುಕುವ ನಾವು ಹೇಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಡೆದುಕೊಂಡೇ ಬದುಕುವವರು ಎಂದೆವಷ್ಟೆ. ಇದು ಅಲಂಕಾರದ ಮಾತಲ್ಲ, ತತ್ತ್ವ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ತತ್ತ್ವಗಳು ಎರಡೇ ವಿಧ: ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರನು ವಿಷ್ಣುವೊಬ್ಬನೇ. ಉಳಿದುದೆಲ್ಲವೂ ಇರುವುದಕ್ಕೂ ತಿಳಿಯುವುದಕ್ಕೂ ಮಾಡುವುದಕ್ಕೂ ಅವನನ್ನೇ ಆಶ್ರಯಿಸಿದೆ. ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರದಲ್ಲಿ ಬರುವ ‘ತ್ಯಕ್ತ’ ಎಂಬ ಪದಕ್ಕೆ ಆಚಾರ್ಯರು ‘ಅವನಿಂದ ಕೊಡಲ್ಪಟ್ಟದ್ದು’ ಎಂದು ಅರ್ಥ ಹೇಳುತ್ತಾರೆ. ಅವನು ಕೊಟ್ಟದ್ದರಿಂದ ಭೋಗಿಸು, ಮತ್ತೊಬ್ಬರ ಧನವನ್ನು ಬಯಸಬೇಡ. ಈ ಎರಡು ಮಾತುಗಳು ಒಂದೇ ಮಂತ್ರದಲ್ಲಿ ಅಕ್ಕಪಕ್ಕದಲ್ಲಿರುವುದು ಆಕಸ್ಮಿಕವೇ? ಕೊಟ್ಟದ್ದು ಕಣ್ಣಿಗೆ ಕಾಣದಿದ್ದಾಗಲೇ ಪಕ್ಕದ ಮನೆಯದು ದೊಡ್ಡದಾಗಿ ಕಾಣತೊಡಗುತ್ತದೆ. ಅವರ ಮಗ ಅಮೆರಿಕದಲ್ಲಿದ್ದಾನೆ, ಇವರ ಮಗಳಿಗೆ ವೈದ್ಯಕೀಯದಲ್ಲಿ ಸ್ಥಾನ ಸಿಕ್ಕಿತು, ನಮ್ಮ ಹುಡುಗನಿಗೆ ಇನ್ನೂ ಕೆಲಸವಾಗಲಿಲ್ಲ ಎಂಬ ಲೆಕ್ಕಾಚಾರದಲ್ಲಿ ರಾತ್ರಿಯ ನಿದ್ರೆಯನ್ನು ಕಳೆದುಕೊಂಡ ಗೃಹಸ್ಥರನ್ನು ನಾವು ಎಷ್ಟೋ ಜನರನ್ನು ನೋಡಿದ್ದೇವೆ. ಉಪನಿಷತ್ತು ಈ ವ್ಯಾಧಿಗೆ ಮದ್ದನ್ನು ಮೊದಲು ಹೇಳಿ ವ್ಯಾಧಿಯ ಹೆಸರನ್ನು ಆಮೇಲೆ ಹೇಳಿದೆ.

ನಮ್ಮೊಳಗೇ ನಡೆಯುತ್ತಿರುವ ಒಂದು ಉಪಕಾರವನ್ನು ನೋಡಿರಿ. ಮುಖ್ಯಪ್ರಾಣದೇವರು ಪ್ರತಿಯೊಂದು ಜೀವನಲ್ಲಿಯೂ ಇದ್ದುಕೊಂಡು ಒಂದು ಅಹೋರಾತ್ರಿಯಲ್ಲಿ 21,600 ಹಂಸಮಂತ್ರಜಪಗಳನ್ನು ಶ್ವಾಸರೂಪದಲ್ಲಿ ನಡೆಸುತ್ತಾರೆಂದು ನಮ್ಮ ಹಿರಿಯರು ಹೇಳುತ್ತಾರೆ. ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ ಹದಿನೈದಾಯಿತು. ವಿಶ್ರಾಂತಿಯಲ್ಲಿರುವ ಪ್ರಾಪ್ತವಯಸ್ಕರ ಉಸಿರಾಟ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಇದರಲ್ಲಿ ನಾವು ಸಂಕಲ್ಪಪೂರ್ವಕವಾಗಿ ಮಾಡಿದ್ದು ಎಷ್ಟು? ಪ್ರಾಣಾಯಾಮದ ಹತ್ತಿಪ್ಪತ್ತು ಉಸಿರುಗಳು ಮಾತ್ರ. ಉಳಿದುದೆಲ್ಲವೂ ನಾವು ಅಡಿಗೆಮನೆಯಲ್ಲಿರುವಾಗ, ಬಸ್ಸಿನಲ್ಲಿ ತೂಕಡಿಸುವಾಗ, ಯಾರನ್ನೋ ಬೈಯುತ್ತಿರುವಾಗ, ನಿದ್ರಿಸುವಾಗ ನಮಗಾಗಿ ನಡೆದುಹೋಯಿತು. ರಾತ್ರಿ ಮಲಗುವಾಗ ಇದೊಂದನ್ನೇ ನೆನೆದರೂ, ಎಲ್ಲವೂ ತನ್ನ ತಲೆಯ ಮೇಲೇ ಇದೆ ಎಂಬ ಭಾರವು ಸ್ವಲ್ಪ ಇಳಿಯುತ್ತದೆ. ಮನಸ್ಸನ್ನು ಹಣ್ಣುಮಾಡುವುದು ಕೆಲಸವಲ್ಲ. ಎಲ್ಲವನ್ನೂ ನಾನೇ ಹೊತ್ತಿದ್ದೇನೆಂಬ ಸ್ವತಂತ್ರಕರ್ತೃತ್ವದ ಭ್ರಮೆ.

ಇಷ್ಟಿದ್ದೂ ನಾವೇಕೆ ಮರೆಯುತ್ತೇವೆ? ದಿನವೂ ದೊರೆಯುವುದು ಕಣ್ಣಿಗೆ ಕಾಣುವುದಿಲ್ಲ. ಇದು ಮನಸ್ಸಿನ ಸ್ವಭಾವ. ಇದನ್ನು ಬಲ್ಲ ಪ್ರಾಚೀನರು ಚಾತುರ್ಮಾಸ್ಯದಲ್ಲಿ ಒಂದು ಉಪಾಯವನ್ನಿಟ್ಟಿದ್ದಾರೆ. ಮೊದಲ ತಿಂಗಳು ಶಾಕವ್ರತ, ತರಕಾರಿಯಿಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳುಗಳಿಲ್ಲ. ವ್ರತಗಳ ಮುಖ್ಯ ಪ್ರಯೋಜನ ಭಗವತ್ಪ್ರೀತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಿಂಗಳು ಪೂರ್ತಿ ಮೊಸರಿಲ್ಲದೆ ಊಟಮಾಡಿ, ವ್ರತವನ್ನು ಸಮರ್ಪಿಸಿ, ಮತ್ತೆ ಮೊದಲ ಬಾರಿಗೆ ಎಲೆಯ ಮೇಲೆ ಮೊಸರನ್ನವನ್ನು ಕಲಸಿಕೊಂಡಾಗ ಆಗುವ ಆನಂದವನ್ನು ಬಲ್ಲವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಮೊಸರು ಅದೇ, ಮನೆಯೂ ಅದೇ. ಮರೆತಿದ್ದ ಕಣ್ಣು ತೆರೆಯಿತು. ಒಂದು ಅಧಿಕಪ್ರಸಂಗದ ಮಾತು: ಈಚೆಗೆ ಕೆಲವರು ವ್ರತಕ್ಕೆ ಒಗ್ಗುವ ಹತ್ತು ಬಗೆಯ ರುಚಿಗಳನ್ನು ಹುಡುಕಿ, ಬಿಟ್ಟ ಪದಾರ್ಥದ ನೆನಪೇ ಆಗದಂತೆ ನೋಡಿಕೊಳ್ಳುತ್ತಾರೆ. ಅದರಿಂದ ವ್ರತವು ಉಳಿದೀತು, ಪಾಠವು ಹೋಗುತ್ತದೆ.

ಇಂದಿನ ಮನಶ್ಶಾಸ್ತ್ರಜ್ಞರೂ ಈ ವಿಷಯದಲ್ಲಿ ಪರೀಕ್ಷೆಗಳನ್ನು ನಡೆಸಿದ್ದಾರೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬ ಇಬ್ಬರು ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಈ ವಿಷಯದಲ್ಲಿ ಬಹಳವಾಗಿ ಉಲ್ಲೇಖಿಸಲ್ಪಡುತ್ತದೆ. ಅವರು ಕೆಲವರಿಗೆ ವಾರಕ್ಕೊಮ್ಮೆಯಂತೆ ಹತ್ತು ವಾರ, ತಮಗೆ ಒದಗಿದ ಉಪಕಾರಗಳಲ್ಲಿ ಐದರವರೆಗೆ ಬರೆದಿಡಲು ಹೇಳಿದರು. ಬೇರೆ ಕೆಲವರಿಗೆ ತಮ್ಮ ಕಿರಿಕಿರಿಗಳನ್ನು ಬರೆದಿಡಲು ಹೇಳಿದರು. ಉಪಕಾರಗಳನ್ನು ಬರೆದವರು ಒಟ್ಟು ಬಾಳಿನ ಬಗ್ಗೆ ಹೆಚ್ಚು ಸಮಾಧಾನವನ್ನು ತೋರಿದರು. ನರಸ್ನಾಯುಗಳ ರೋಗದಿಂದ ಬಳಲುತ್ತಿದ್ದ ಕೆಲವರು ಇಪ್ಪತ್ತೊಂದು ದಿನ ಹೀಗೆ ಮಾಡಿದಾಗ ಮನಸ್ಸಿನ ಉಲ್ಲಾಸವು ಹೆಚ್ಚಿತೆಂದೂ ನಿದ್ರೆಯು ಉತ್ತಮಗೊಂಡಿತೆಂದೂ ಅವರು ವರದಿಮಾಡಿದ್ದಾರೆ. ಶಾಸ್ತ್ರಕ್ಕೆ ಇಂತಹ ಪ್ರಮಾಣಪತ್ರದ ಅಗತ್ಯವಿಲ್ಲ. ಆದರೂ ಒಳ್ಳೆಯ ಮಾತು ಯಾವ ದಿಕ್ಕಿನಿಂದ ಬಂದರೂ ಸ್ವೀಕರಿಸಬೇಕೆಂಬುದು ಸಜ್ಜನರ ರೀತಿ. ನಮ್ಮ ಗಮನವನ್ನು ಸೆಳೆದ ಅಂಶವೆಂದರೆ, ಅವರು ‘ಸಂತೋಷವಾಗಿರಿ’ ಎಂದು ಯಾರಿಗೂ ಹೇಳಲಿಲ್ಲ, ‘ಎಣಿಸಿರಿ’ ಎಂದರು.

ಹೀಗೆ ಎಣಿಸಿದವಳು ಕುಂತೀದೇವಿ. ಅವಳು ಎಣಿಸಿದ ಹೊತ್ತು ಎಂತಹದೆಂಬುದನ್ನು ಮೊದಲು ಗಮನಿಸಬೇಕು. ಕುರುಕ್ಷೇತ್ರದ ಯುದ್ಧವು ಮುಗಿದಿದೆ. ಅಭಿಮನ್ಯುವಿಲ್ಲ, ಘಟೋತ್ಕಚನಿಲ್ಲ. ದ್ರೌಪದಿಯ ಐವರು ಮಕ್ಕಳು ನಿದ್ರೆಯಲ್ಲಿಯೇ ಹತರಾಗಿದ್ದಾರೆ. ಮಡಿದವರಿಗೆ ಜಲಾಂಜಲಿ ಕೊಡುವ ಹೊತ್ತಿನಲ್ಲಿ, ಕರ್ಣನೂ ನಿಮ್ಮ ಅಣ್ಣನೇ, ನನ್ನ ಮೊದಲ ಮಗ, ಅವನಿಗೂ ನೀರು ಕೊಡಿರಿ ಎಂದು ಬಾಯಿಬಿಟ್ಟು ಹೇಳಬೇಕಾಗಿ ಬಂದ ತಾಯಿ ಅವಳು. ಅಷ್ಟು ಸಾಲದೆಂಬಂತೆ, ಉಳಿದಿದ್ದ ಒಂದೇ ಒಂದು ಕುಡಿಯಾದ ಉತ್ತರೆಯ ಗರ್ಭದ ಮೇಲೆ ಅಶ್ವತ್ಥಾಮನ ಅಸ್ತ್ರವು ಬಂದಿತು. ಶ್ರೀಕೃಷ್ಣನು ಅದನ್ನು ತಡೆದು ಶಿಶುವನ್ನು ಉಳಿಸಿ, ದ್ವಾರಕೆಗೆ ಹೊರಡಲು ರಥದ ಬಳಿ ನಿಂತಿದ್ದಾನೆ. ಆಗ ಕುಂತಿಯು ಸ್ತುತಿಸಲು ತೊಡಗುತ್ತಾಳೆ.

ಅವಳ ಮಾತಿನ ಕ್ರಮವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ನೀನು ನಮಗೆ ರಾಜ್ಯವನ್ನು ಕೊಡಿಸಿದೆ, ಜಯವನ್ನು ಕೊಟ್ಟೆ ಎಂದು ಅವಳು ಹೇಳುವುದಿಲ್ಲ. ದೇವಕಿಯನ್ನು ಕಂಸನ ಸೆರೆಯಿಂದ ಬಿಡಿಸಿದಂತೆ ನನ್ನನ್ನೂ ಮಕ್ಕಳನ್ನೂ ಮತ್ತೆ ಮತ್ತೆ ಆಪತ್ತುಗಳಿಂದ ಬಿಡಿಸಿದೆ ಎಂದು ಹೇಳಿ, ಆ ಆಪತ್ತುಗಳನ್ನು ಹೆಸರು ಹಿಡಿದು ಎಣಿಸುತ್ತಾಳೆ. ಭೀಮನಿಗೆ ಇಕ್ಕಿದ ವಿಷ. ಅರಗಿನ ಮನೆಯ ಮಹಾಗ್ನಿ. ನರಭಕ್ಷಕರಾದ ರಾಕ್ಷಸರ ಕಣ್ಣಿಗೆ ಬಿದ್ದದ್ದು. ದುಷ್ಟರ ಸಭೆ. ವನವಾಸದ ಕಷ್ಟ. ಯುದ್ಧಯುದ್ಧದಲ್ಲಿಯೂ ಮಹಾರಥರ ಅಸ್ತ್ರಗಳು. ಕೊನೆಗೆ, ಈಗಷ್ಟೇ ಬಂದೊದಗಿದ ದ್ರೋಣಪುತ್ರನ ಅಸ್ತ್ರ. ಸಾಮಾನ್ಯವಾಗಿ ನಾವು ದುಃಖದಿಂದ ಕಣ್ಣನ್ನು ತಿರುಗಿಸಿ ಬೇರೆಲ್ಲಿಯೋ ಸುಖವನ್ನು ಹುಡುಕಿ, ಇದಾದರೂ ಇದೆಯಲ್ಲ ಎನ್ನುವುದನ್ನೇ ಕೃತಜ್ಞತೆಯೆಂದು ಭಾವಿಸುತ್ತೇವೆ. ಕುಂತಿಯು ಕಣ್ಣನ್ನು ತಿರುಗಿಸಲಿಲ್ಲ. ವಿಷವನ್ನು ವಿಷವೆಂದಳು, ಬೆಂಕಿಯನ್ನು ಬೆಂಕಿಯೆಂದಳು. ಅವು ಒಳ್ಳೆಯವೆಂದು ಎಲ್ಲಿಯೂ ಹೇಳಲಿಲ್ಲ. ಪ್ರತಿಯೊಂದರ ಪಕ್ಕದಲ್ಲಿಯೂ ಒಬ್ಬನು ನಿಂತಿದ್ದನೆಂಬುದನ್ನು ಮಾತ್ರ ಕಂಡಳು. ಅದಾದ ಮೇಲೆಯೇ, ನಿನ್ನ ದರ್ಶನವಾಗುವುದಾದರೆ ಅಂತಹ ಆಪತ್ತುಗಳು ಇನ್ನೂ ಬರಲಿ ಎಂಬ ಲೋಕವಿಲಕ್ಷಣವಾದ ಪ್ರಾರ್ಥನೆಯು ಅವಳ ಬಾಯಿಂದ ಹೊರಡುತ್ತದೆ. ಉತ್ತಮ ಕುಲ, ಐಶ್ವರ್ಯ, ವಿದ್ಯೆ, ಸಂಪತ್ತುಗಳ ಮದವೇರಿದವನಿಗೆ ನಿನ್ನ ನಾಮವೂ ಬಾಯಿಗೆ ಬಾರದು, ಏನೂ ಇಲ್ಲದವನಿಗೇ ನೀನು ದೊರೆಯುವೆ ಎಂದೂ ಹೇಳುತ್ತಾಳೆ.

ಈ ಪ್ರಾರ್ಥನೆಯನ್ನು ನಾವೆಲ್ಲರೂ ಮಾಡಬೇಕೆಂದು ಹೇಳುವ ಧೈರ್ಯ ನಮಗಿಲ್ಲ. ಅದು ಕುಂತಿಯ ಅಧಿಕಾರ. ಆದರೆ ಹೆಸರು ಹಿಡಿದು ಎಣಿಸುವ ಅವಳ ಕ್ರಮವು ಎಲ್ಲರಿಗೂ ಸಾಧ್ಯ. ದೇವರೇ, ಎಲ್ಲವನ್ನೂ ಚೆನ್ನಾಗಿಟ್ಟಿದ್ದೀಯೆ ಎಂಬ ಸಾಮಾನ್ಯ ಮಾತಿನಿಂದ ಮನಸ್ಸಿಗೆ ಏನೂ ಆಗುವುದಿಲ್ಲ. ಆಸ್ಪತ್ರೆಯ ಆ ರಾತ್ರಿ ಕಾಣದ ಯಾವನೋ ಹುಡುಗ ಬಂದು ರಕ್ತ ಕೊಟ್ಟುಹೋದನಲ್ಲ ಎಂದು ಒಂದನ್ನು ಹಿಡಿದು ನೆನೆದಾಗ ಕಣ್ಣು ತೇವವಾಗುತ್ತದೆ.

ಇನ್ನು ಕುಂತಿಯ ಪಕ್ಕದಲ್ಲಿಯೇ ಇದ್ದ ಧರ್ಮರಾಜನ ಸ್ಥಿತಿ ಹೇಗಿತ್ತು? ಅವನಿಗೆ ಸಮಾಧಾನವೇ ಇಲ್ಲ. ನನ್ನಿಂದ ಇಷ್ಟು ಜನ ಸತ್ತರು ಎಂಬ ಒಂದೇ ಕೊರಗು. ವೇದವ್ಯಾಸದೇವರು ಹೇಳಿದರು, ಶ್ರೀಕೃಷ್ಣನೇ ಹೇಳಿದನು. ಆದರೂ ಅವನ ಶೋಕವು ಇಳಿಯಲಿಲ್ಲವೆಂದು ಭಾಗವತವು ಸ್ಪಷ್ಟವಾಗಿ ಹೇಳುತ್ತದೆ. ಧರ್ಮದೇವತೆಯ ಅವತಾರವೇ ಆದ ಮಹಾತ್ಮನಿಗೆ ಈ ಅವಸ್ಥೆ! ಮನಸ್ಸು ಕುಗ್ಗಿದವರನ್ನು ಕಂಡು, ಭಕ್ತಿ ಸಾಲದು, ಸಾಧನೆ ಸಾಲದು ಎಂದು ತೀರ್ಪು ಕೊಡುವ ನಮ್ಮವರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು. ಶ್ರೀಕೃಷ್ಣನು ಅವನನ್ನು ಗದರಿಸಲಿಲ್ಲ. ನಿನ್ನ ತಾಯಿಯನ್ನು ನೋಡಿ ಕಲಿ ಎನ್ನಲಿಲ್ಲ. ತಾನೇ ಅವನೊಡನೆ ಕುರುಕ್ಷೇತ್ರಕ್ಕೆ ಹೊರಟು, ಶರಶಯ್ಯೆಯಲ್ಲಿದ್ದ ಭೀಷ್ಮಾಚಾರ್ಯರ ಬಳಿಗೆ ಬಂದನು. ಅಲ್ಲಿ ದೀರ್ಘವಾದ ಉಪದೇಶವು ನಡೆಯಿತು. ಮುಂದೆ ಹಸ್ತಿನಾವತಿಯಲ್ಲಿ, ಬಂಧುಗಳ ಶೋಕವನ್ನು ಕಳೆಯುವುದಕ್ಕಾಗಿ ಸ್ವಾಮಿಯು ಕೆಲವು ತಿಂಗಳು ತಾನೇ ಉಳಿದುಕೊಂಡನು. ಜಗದೊಡೆಯನಿಗೂ ಒಬ್ಬ ಭಕ್ತನ ಶೋಕವನ್ನು ಇಳಿಸಲು ತಿಂಗಳುಗಟ್ಟಲೆ ಜೊತೆಯಲ್ಲಿರುವುದು ಭಾರವೆನಿಸಲಿಲ್ಲ. ನಾವಾದರೋ ವೈಕುಂಠಸಮಾರಾಧನೆಯ ಮರುದಿನವೇ, ಇನ್ನು ಅಳಬಾರದು ಎನ್ನುತ್ತೇವೆ.

ಇನ್ನೊಂದು ವಿಷಯವು ಸ್ವಾರಸ್ಯವಾಗಿದೆ. ವಿಷ್ಣುಸಹಸ್ರನಾಮವು ಅನುಶಾಸನಪರ್ವದಲ್ಲಿ ಭೀಷ್ಮರು ಅದೇ ಧರ್ಮರಾಜನಿಗೆ ಉಪದೇಶಿಸಿದ ಸ್ತೋತ್ರ. ಕೃತಜ್ಞ ಎಂಬ ನಾಮವನ್ನು ಉಚ್ಚರಿಸಿದವರು ಮೈಯೆಲ್ಲ ಬಾಣಗಳು ನಾಟಿದ್ದ ಒಬ್ಬರು. ಕೇಳಿದವನು ಎದೆಯೆಲ್ಲ ಶೋಕ ತುಂಬಿದ್ದ ಒಬ್ಬ. ಸುಖಾಸನದಲ್ಲಿ ಕುಳಿತವರ ನಡುವೆ ಆ ನಾಮವು ಹುಟ್ಟಲಿಲ್ಲ.

ಆದುದರಿಂದ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಊಟ ನಿದ್ರೆಗಳನ್ನು ಬಿಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆಂಬ ಮಾತನ್ನಾಡುತ್ತಿದ್ದರೆ, ಅವರಿಗೆ ಕೃತಜ್ಞತೆಯ ಉಪದೇಶವನ್ನು ಮಾಡುತ್ತಾ ಕೂರಬಾರದು. ಅದು ರೋಗ, ವೈದ್ಯರಿಗೆ ತೋರಿಸಬೇಕು. ಧನ್ವಂತರಿಯು ಭಗವಂತನದೇ ರೂಪ. ಅವನನ್ನು ಕುರಿತು ನಮ್ಮ ಹರಿದಾಸರು ಸುಳಾದಿಗಳನ್ನೇ ರಚಿಸಿದ್ದಾರೆ. ಔಷಧವನ್ನು ತೆಗೆದುಕೊಳ್ಳುವುದು ಭಕ್ತಿಗೆ ಕೊರತೆಯೆಂದು ತಿಳಿಯುವುದು ತಪ್ಪು. 2022ರ ಅಕ್ಟೋಬರಿನಲ್ಲಿ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದನ್ನು ಮಠದ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಯಾರಾದರೂ ಕೇಳಿದರೆ, ಇಲ್ಲಿಯೇ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಇಷ್ಟು ಹೊತ್ತು ಭಗವಂತನಿಗೆ ಸಲ್ಲುವ ಕೃತಜ್ಞತೆಯನ್ನು ಹೇಳಿದೆವು. ಮನುಷ್ಯರಿಗೆ? ಈ ಪ್ರಶ್ನೆಯಲ್ಲಿ ನಮ್ಮ ಸಮಾಜದ ಒಂದು ದೌರ್ಬಲ್ಯವಿದೆ. ಅದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು. ಉಡುಪಿಯ ಪರ್ಯಾಯವನ್ನು ನೋಡಿದವರು ಬಲ್ಲರು. ಪರ್ಯಾಯಪೀಠಾರೋಹಣಕ್ಕೆ ಬಹು ಮುಂಚೆಯೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ನಡೆಯುತ್ತವೆ. ಎರಡು ವರ್ಷ ಕೃಷ್ಣನ ಸನ್ನಿಧಿಯಲ್ಲಿ ನಡೆಯಬೇಕಾದ ಅನ್ನದಾನಕ್ಕೆ ಬಾಳೆಯ ಗಿಡದಿಂದಲೇ ಸಿದ್ಧತೆ. ಒಲೆಗೆ ಹೋಗುವ ಸೌದೆಯನ್ನೂ ರಥದ ಆಕಾರದಲ್ಲಿ ಒಟ್ಟಿ ಅಲಂಕರಿಸುತ್ತಾರೆ. ಎಲೆಯ ಮುಂದೆ ಕುಳಿತವನಿಗೆ ಕಾಣದ ವಸ್ತುವಿಗೂ ಕಾಣದ ಕೈಗೂ ಅಲ್ಲಿ ಗೌರವವಿದೆ. ನಮ್ಮ ಮನೆಗಳಲ್ಲಿ ಇದೆಯೇ? ಹಬ್ಬದ ದಿನ ಬೆಳಗಿನ ಜಾವದಲ್ಲಿ ಎದ್ದು, ಮಡಿಯುಟ್ಟು, ಬಾಯಿಗೆ ಒಂದು ತೊಟ್ಟು ನೀರನ್ನೂ ಹಾಕದೆ ಒಲೆಯ ಮುಂದೆ ನಿಂತವರು ಯಾರು? ನೈವೇದ್ಯವಾಗಿ, ಹಸ್ತೋದಕವಾಗಿ, ಗಂಡಸರ ಪಂಕ್ತಿಯೆದ್ದು, ಕೊನೆಗೆ ಮೂರು ಗಂಟೆಗೆ ಆರಿದ ಅನ್ನವನ್ನು ಉಂಡವರು ಯಾರು? ನಾವು ಆಪೋಶನ ಹಾಕಿ, ಚಿತ್ರಾಹುತಿಯಿಟ್ಟು, ಉಂಡು, ಕೃಷ್ಣಾರ್ಪಣವೆಂದು ಎದ್ದುಬಿಡುತ್ತೇವೆ. ಸಾರಿಗೆ ಉಪ್ಪು ಕಡಮೆಯಾಗಿದ್ದರೆ ಮಾತ್ರ ಅಡಿಗೆಯವರ ನೆನಪಾಗುತ್ತದೆ.

ಎಲ್ಲವನ್ನೂ ಮಾಡಿಸುವವನು ಹರಿಯೇ ಆದ ಮೇಲೆ ಹರಿಗೆ ಅರ್ಪಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಮಾಡಿಸುವವನು ಅವನೆಂಬುದು ಸತ್ಯ. ಅವನು ಇವರಲ್ಲಿ ನಿಂತು ಮಾಡಿಸಿದನೆಂಬುದೂ ಅಷ್ಟೇ ಸತ್ಯ. ಜಗನ್ನಾಥದಾಸಾರ್ಯರು ಹರಿಕಥಾಮೃತಸಾರದಲ್ಲಿ ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವದ್ರೂಪಗಳನ್ನು ಚಿಂತಿಸುವ ಕ್ರಮವನ್ನು ತೋರಿಸಿಕೊಟ್ಟಿದ್ದಾರೆ. ಅನ್ನದಲ್ಲಿ ಇರುವವನು ಅನ್ನವನ್ನು ಬೇಯಿಸಿದವಳಲ್ಲಿ ಇಲ್ಲವೇ? ಜನರಿಗೆ ಮಾಡುವ ಸೇವೆಯು ಒಡೆಯನಾದ ಭಗವಂತನಿಗೆ ಪ್ರಜೆಗಳು ಸಲ್ಲಿಸಬೇಕಾದ ಕರದಂತೆ ಎಂದು ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ಹೇಳಿದ್ದಾರೆ. ಪುರಂದರದಾಸರು ತಮ್ಮನ್ನು ಹರಿದಾಸರನ್ನಾಗಿ ಮಾಡಿದ ಉಪಕಾರವನ್ನು ನೆನೆಯುವಾಗ ವಿಠಲನನ್ನು ಮಾತ್ರ ನೆನೆದು ಸುಮ್ಮನಾಗಲಿಲ್ಲ. ಮೂಗುತಿಯನ್ನು ಕೊಟ್ಟು ಕಳುಹಿದ ಹೆಂಡತಿಯ ಉಪಕಾರವನ್ನು ಕೀರ್ತನೆಯಲ್ಲಿಯೇ ಹಾಡಿ ಲೋಕಕ್ಕೆ ತಿಳಿಸಿದರು. ಐನೂರು ವರ್ಷಗಳಿಂದ ನಾವು ಅದನ್ನು ಹಾಡುತ್ತಿದ್ದೇವೆ. ಹಾಡಿ ಮುಗಿಸಿ ಅಡಿಗೆಮನೆಯ ಕಡೆಗೆ ತಿರುಗಿ ನೋಡಿದವರು ಎಷ್ಟು ಜನ?

ನಿತ್ಯಾನುಷ್ಠಾನದಲ್ಲಿ ಇದಕ್ಕೆ ಹೊಸದೇನನ್ನೂ ಸೇರಿಸಬೇಕಾಗಿಲ್ಲ. ದೇವ, ಋಷಿ, ಪಿತೃಗಳಿಗೆ ತರ್ಪಣ, ಅತಿಥಿಗೆ ಅನ್ನ, ಪ್ರಾಣಿಗಳಿಗೆ ಬಲಿ. ಇವೆಲ್ಲವೂ ಪಡೆದುದನ್ನು ಬಲ್ಲವರ ಆಚರಣೆಗಳೇ. ಆದರೆ ತರ್ಪಣದಲ್ಲಿ ಅಜ್ಜನ ಹೆಸರನ್ನೂ ಗೋತ್ರವನ್ನೂ ಉಚ್ಚರಿಸುವಾಗ, ಆ ಅಜ್ಜನು ಮಾಡಿದ ಒಂದಾದರೂ ಕೆಲಸವು ನೆನಪಿಗೆ ಬರುವಂತಿದ್ದರೆ ಒಳ್ಳೆಯದು. ಮಕ್ಕಳಿಗೆ ಅದನ್ನು ಹೇಳಬೇಕು. ರಾತ್ರಿ ಮಲಗುವ ಮುನ್ನ ಭಗವತ್ಸ್ಮರಣೆಯ ಜೊತೆಗೆ ಆ ದಿನ ಒದಗಿದ ಎರಡು ಮೂರು ಉಪಕಾರಗಳನ್ನು, ಯಾರ ಮೂಲಕ ಒದಗಿತೆಂಬುದರ ಸಹಿತ, ನೆನೆದು ಅರ್ಪಿಸಬಹುದು. ಏನೂ ನೆನಪಾಗದ ದಿನಗಳೂ ಬರುತ್ತವೆ. ಅಂದು ಆ 21,600 ಇದ್ದೇ ಇದೆ.

ಕೊನೆಯದಾಗಿ ಆ ವೃದ್ಧರ ವಿಷಯ. ಮುಂದಿನ ವರ್ಷದ ಆಶ್ವಯುಜದಲ್ಲಿ, ದ್ವಿದಳವ್ರತವು ಆರಂಭವಾದ ಕೆಲವು ದಿನಗಳಲ್ಲಿ, ಅವರು ಮತ್ತೆ ಮಠಕ್ಕೆ ಬಂದರು. ನಾವೇ ಅವರನ್ನು ಕರೆದು ಕೂರಿಸಿಕೊಂಡು, ಅಂದು ನಾವು ಅವಸರದಲ್ಲಿ ಮಾತನಾಡಿದೆವೆಂದು ಹೇಳಿ, ಕುಂತಿಯ ಪ್ರಸಂಗವನ್ನು ಓದಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: “ನಲವತ್ತಾರು ವರ್ಷ, ವರ್ಷಕ್ಕೊಂದು ತಿಂಗಳು, ಬೇಳೆಯಿಲ್ಲದೆ ಅವಳು ಹುಳಿ ಸಾರುಗಳನ್ನು ಹೇಗೆ ಮಾಡಿ ಹಾಕುತ್ತಿದ್ದಳೋ ನಾನು ಒಮ್ಮೆಯೂ ಕೇಳಲಿಲ್ಲ ಆಚಾರ್ಯರೇ. ಈಗ ಅದೇ ಒಂದೊಂದಾಗಿ ನೆನಪಾಗುತ್ತದೆ.” ದುಃಖವು ಹೋಯಿತೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವರ ಕಣ್ಣಿನಲ್ಲಿ ನೀರಿತ್ತು. ಕಳೆದ ವರ್ಷ ಕಂಡ ಆ ಒಣಗಿದ ಮುಖ ಮಾತ್ರ ಅದಾಗಿರಲಿಲ್ಲ.

ಎಂಟು ದಿನಗಳಾದ ಮೇಲೆ ಅವರ ಸೊಸೆಯು ದೇವರ ದರ್ಶನಕ್ಕೆ ಬಂದಾಗ ನಗುತ್ತಾ ಒಂದು ಮಾತು ಹೇಳಿದಳು. ಮಾವನವರು ಈಚೆಗೆ ಊಟಕ್ಕೆ ಮುಂಚೆ ಅಡಿಗೆಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಕೂರುತ್ತಾರಂತೆ. “ಇದನ್ನು ಹೇಗೆ ಮಾಡಿದೆಯಮ್ಮ, ಅದಕ್ಕೇನು ಹಾಕಿದೆ” ಎಂದು ಒಂದೊಂದನ್ನೇ ಕೇಳುತ್ತಾರಂತೆ. ಮದುವೆಯಾಗಿ ಬಂದು ಹದಿನೆಂಟು ವರ್ಷಗಳಾದವು, ಆ ಮನೆಯಲ್ಲಿ ಹೀಗೆ ಕೇಳಿದವರು ಅವರೇ ಮೊದಲು ಎಂದಳು.

॥ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥